ರೈತನಿಗಾಗಿ ಬಂದ ಮೋಟಾರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ ಶಾಲೆಯಲ್ಲಿ ನಾನು ಕೊಟ್ಟ ಒಂದು ತಪ್ಪು ಉತ್ತರ. ಎಂಟನೆಯ ತರಗತಿ. ಸಮಾಜ ಪಾಠದ ಮೇಷ್ಟ್ರು ಹಿಂದಿನ ಬೆಂಚಿನತ್ತ ಬೆರಳು ತೋರಿಸಿ, "ಕಾರು ಕಂಡುಹಿಡಿದವರು ಯಾರು?" ಎಂದು ಕೇಳಿದರು. ನಾನು ಎದ್ದು ನಿಂತು ಧೈರ್ಯವಾಗಿಯೇ, "ಹೆನ್ರಿ ಫೋರ್ಡ್ ಸಾರ್" ಎಂದೆ.

ಮೇಷ್ಟ್ರು ನಕ್ಕರು. "ಅಲ್ಲ ಕಣಯ್ಯ. ಆದರೆ ಬಹಳ ಜನ ನಿನ್ನ ಹಾಗೇ ಹೇಳ್ತಾರೆ. ಕಂಡುಹಿಡಿಯದೇ ಇದ್ದವನ ಹೆಸರು ಜನರ ಬಾಯಲ್ಲಿ ಯಾಕೆ ಉಳೀತು? ಅದನ್ನ ಯೋಚನೆ ಮಾಡಿಕೊಂಡು ಬಾ" ಎಂದು ಕೂರಿಸಿದರು. ಮಾರನೆಯ ದಿನ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದೆ ನಾನೂ ಇತಿಹಾಸದ ಮೇಷ್ಟ್ರಾಗಿ, ಬೇರೆ ಬೇರೆ ಊರುಗಳಲ್ಲಿ ಪಾಠ ಮಾಡಿ ನಿವೃತ್ತನಾದೆ. ಆ ಪ್ರಶ್ನೆಗೆ ಉತ್ತರವನ್ನು ಈಗ ತಡವಾಗಿ ಒಪ್ಪಿಸುತ್ತಿದ್ದೇನೆ.

ಈ ಪ್ರಶ್ನೆ ನನ್ನನ್ನು ಬಿಡದೆ ಇದ್ದುದಕ್ಕೆ ಮನೆಯ ಕಡೆಯ ಕಾರಣವೂ ಒಂದಿದೆ. ನಮ್ಮ ಅಪ್ಪನಿಗೆ ಒಬ್ಬ ಅಣ್ಣ ಇದ್ದರು. ನಾನು ಹುಟ್ಟುವ ಬಹಳ ಮೊದಲೇ, ಒಂದು ಮಳೆಗಾಲದ ಸಂಜೆ ಹೊಲದಲ್ಲಿ ಅವರಿಗೆ ಹಾವು ಕಚ್ಚಿತು. ಗಾಡಿ ಕಟ್ಟಿ ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಹಳ್ಳ ಬಂದಿತ್ತು. ನೀರು ಇಳಿಯುವವರೆಗೆ ಕಾದು, ಮತ್ತೆ ಗಾಡಿ ಹೊಡೆದು ಹೋಗುವಾಗ, ಹನೂರು ಮುಟ್ಟುವ ಮೊದಲೇ ಅವರ ಜೀವ ಹೋಯಿತು. ಅಜ್ಜಿ ಬದುಕಿರುವವರೆಗೂ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ ಒಂದೇ ಮಾತು ಹೇಳುತ್ತಿದ್ದರು: "ಆವತ್ತು ಒಂದು ಮೋಟ್ರು ಇದ್ದಿದ್ರೆ ನನ್ನ ಮಗ ಉಳ್ಕತಿದ್ದ ಕನಪ್ಪ."

ಹಾಗಾಗಿ ಮೋಟಾರು ನನಗೆ ಎಂದೂ ಶೋಕಿಯ ವಸ್ತುವಾಗಿ ಕಾಣಲಿಲ್ಲ. ಅದು ಯಾರಿಗೆ ಎಟುಕುತ್ತದೆ, ಯಾರಿಗೆ ಎಟುಕುವುದಿಲ್ಲ, ಏಕೆ ಎಂಬುದೇ ನನ್ನ ಪ್ರಶ್ನೆಯಾಯಿತು.

ಮೊದಲು ಮೇಷ್ಟ್ರ ಪ್ರಶ್ನೆಗೆ ಸರಿಯಾದ ಉತ್ತರ. ಪೆಟ್ರೋಲಿನ ಎಂಜಿನ್ನಿನಿಂದ ಓಡುವ ಗಾಡಿಗೆ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದವರು ಜರ್ಮನಿಯ ಕಾರ್ಲ್ ಬೆಂಜ್. ಅದಕ್ಕೆ ಇದ್ದದ್ದು ಮೂರೇ ಚಕ್ರ. 1888ರ ಆಗಸ್ಟಿನಲ್ಲಿ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿನ ತವರುಮನೆಗೆ ಅದೇ ಗಾಡಿಯಲ್ಲಿ ಹೋದರು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನ ಮುಗಿದಾಗ ಅದನ್ನು ಕೊಂಡದ್ದು ಔಷಧಿ ಅಂಗಡಿಯಲ್ಲಿ. ಪೆಟ್ರೋಲ್ ಬಂಕ್ ಎಂಬುದು ಆಗ ಎಲ್ಲಿಯೂ ಇರಲಿಲ್ಲ.

ಇದಾದ ಮೇಲೆ ಇಪ್ಪತ್ತು ವರ್ಷ ಕಾರು ಸಿರಿವಂತರ ಆಟಿಕೆಯಾಗಿತ್ತು. ಕುಶಲ ಕೆಲಸಗಾರರು ಒಂದೊಂದು ಭಾಗವನ್ನೂ ಉಜ್ಜಿ, ತಿದ್ದಿ, ಕೂಡಿಸಿ ಮಾಡುತ್ತಿದ್ದರು. ಒಂದು ಕಾರಿನ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಅಮೆರಿಕದಲ್ಲಿ ರಾನ್ಸಮ್ ಓಲ್ಡ್ಸ್ ಎಂಬಾತ 1901ರಲ್ಲಿ 650 ಡಾಲರಿಗೆ ಒಂದು ಪುಟ್ಟ ಕಾರನ್ನು ಮಾರಿ ದಾರಿ ತೋರಿಸಿದ. ಆದರೆ ಅದು ಹಗುರವಾದ ಗಾಡಿ, ಹಳ್ಳಿಯ ರಸ್ತೆಗೆ ಒಗ್ಗುವಂಥದಲ್ಲ.

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರಲ್ಲಿ, ಮಿಚಿಗನ್ ಪ್ರಾಂತ್ಯದ ಒಂದು ರೈತನ ಮನೆಯಲ್ಲಿ. ಹೊಲದ ಕೆಲಸ ಅವರಿಗೆ ಹಿಡಿಸಲಿಲ್ಲ, ಯಂತ್ರಗಳು ಹಿಡಿಸಿದವು. ಆದರೂ ಹಳ್ಳಿಯ ರಸ್ತೆ ಎಂದರೆ ಏನು ಎಂಬುದು ಅವರಿಗೆ ಗೊತ್ತಿತ್ತು. 1903ರಲ್ಲಿ ಕಂಪನಿ ಕಟ್ಟಿದರು. 1908ರ ಅಕ್ಟೋಬರಿನಲ್ಲಿ ಅವರ 'ಮಾಡೆಲ್ ಟಿ' ಮಾರುಕಟ್ಟೆಗೆ ಬಂತು.

ಈ ಕಾರಿನ ಮೈಕಟ್ಟನ್ನು ಸ್ವಲ್ಪ ನೋಡಿ. ನೆಲದಿಂದ ಎತ್ತರಕ್ಕೆ ನಿಂತ ಗಾಡಿ. ಕೆಸರಿನಲ್ಲಿ, ಗಾಡಿಚಕ್ರದ ಜಾಡಿನಲ್ಲಿ ಹೊಟ್ಟೆ ತಗುಲದೆ ಹೋಗುವಂಥದ್ದು. ವೆನೇಡಿಯಂ ಬೆರೆಸಿದ ಉಕ್ಕು, ಹಾಗಾಗಿ ತೂಕ ಕಡಿಮೆ, ಗಟ್ಟಿತನ ಹೆಚ್ಚು. ನಾಲ್ಕು ಸಿಲಿಂಡರಿನ, 20 ಅಶ್ವಶಕ್ತಿಯ ಎಂಜಿನ್. ಗಂಟೆಗೆ ಸುಮಾರು 65ರಿಂದ 70 ಕಿಲೋಮೀಟರ್ ಓಟ. ರಿಪೇರಿ ಸುಲಭ, ಸ್ಪ್ಯಾನರು ಹಿಡಿಯಲು ಬಂದ ರೈತ ಮನೆಯಂಗಳದಲ್ಲೇ ಮಾಡಿಕೊಳ್ಳುತ್ತಿದ್ದ. ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟು ಹಾಕಿ ಸೌದೆ ಕೊಯ್ಯುವುದಕ್ಕೆ, ನೀರೆತ್ತುವುದಕ್ಕೆ ಬಳಸಿದವರೂ ಇದ್ದರು. ನಮ್ಮವರು ಟ್ರ್ಯಾಕ್ಟರಿನಿಂದ ಇಂಥ ಹತ್ತು ಕೆಲಸ ತೆಗೆಯುವುದನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ.

ಓಡಿಸುವುದು ಮಾತ್ರ ಇವತ್ತಿನ ಡ್ರೈವರುಗಳಿಗೆ ತಲೆಕೆಳಗಾಗಿ ಕಾಣುತ್ತದೆ. ಮೂರು ಪೆಡಲುಗಳಲ್ಲಿ ಎಡಗಡೆಯದು ಗೇರಿಗೆ, ನಡುವಿನದು ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ. ಆಕ್ಸಿಲರೇಟರು ಕಾಲಿನಲ್ಲಿರದೆ ಸ್ಟಿಯರಿಂಗಿನ ಕೆಳಗೆ ಕೈಗೆ ಸಿಗುವ ಕಡ್ಡಿಯಾಗಿತ್ತು. ಮುಂದೆ ನಿಂತು ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಇನ್ನೊಂದು ತಮಾಷೆಯ ಸಂಗತಿ ಇದೆ. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿತ್ತು. ಎಂಜಿನ್ನಿಗೆ ಪೆಟ್ರೋಲು ತಾನಾಗಿ ಇಳಿದು ಹೋಗಬೇಕಿತ್ತು, ಪಂಪು ಇರಲಿಲ್ಲ. ಕಡಿದಾದ ಏರಿನಲ್ಲಿ ಎಂಜಿನ್ ಮೇಲಾಗಿ ಟ್ಯಾಂಕು ಕೆಳಗಾದರೆ ಪೆಟ್ರೋಲು ಹರಿಯುತ್ತಿರಲಿಲ್ಲ. ಆಗ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಬೆಟ್ಟ ಹತ್ತುತ್ತಿದ್ದರು! ತಾಳಬೆಟ್ಟದಿಂದ ಮೇಲಕ್ಕೆ ಮಾದಪ್ಪನ ಸನ್ನಿಧಿಗೆ ಹೋಗುವ ತಿರುವುಗಳನ್ನು ಬೆನ್ನು ಮುಂದಾಗಿ ಹತ್ತುವುದನ್ನು ಊಹಿಸಿಕೊಳ್ಳಿ.

ಇಷ್ಟಾದರೂ 1908ರಲ್ಲಿ ಈ ಕಾರು ಅಗ್ಗವಾಗಿರಲಿಲ್ಲ. ಎರಡು ಸೀಟಿನ ಮಾದರಿಗೆ 825 ಡಾಲರ್ ಬೆಲೆ. ಅಗ್ಗವಾದದ್ದು ಆಮೇಲೆ, ಮಾಡುವ ಕ್ರಮ ಬದಲಾದಾಗ. ಅಲ್ಲಿಯವರೆಗೆ ಕಾರು ಒಂದು ಕಡೆ ನಿಂತಿರುತ್ತಿತ್ತು, ಕೆಲಸಗಾರರು ಸಾಮಾನು ಹಿಡಿದು ಅದರ ಸುತ್ತ ಓಡಾಡುತ್ತಿದ್ದರು. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಇದನ್ನು ತಿರುವುಮುರುವು ಮಾಡಿದರು. ಕೆಲಸಗಾರ ನಿಂತಲ್ಲೇ ನಿಂತ. ಕಾರಿನ ಚಾಸಿ ಅವನ ಮುಂದೆ ಸರಿದು ಬಂತು. ಒಬ್ಬ ಬೋಲ್ಟು ಹಾಕಿದರೆ ಮುಂದಿನವನು ನಟ್ಟು ಬಿಗಿಯುವುದು. ಇದೇ ಅಸೆಂಬ್ಲಿ ಲೈನ್. ಒಂದು ಚಾಸಿ ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. ಕೆಲವೇ ತಿಂಗಳಲ್ಲಿ ಅದು 93 ನಿಮಿಷಕ್ಕೆ ಇಳಿಯಿತು.

ಆದರೆ ದಿನವಿಡೀ ಒಂದೇ ನಟ್ಟು ತಿರುಗಿಸುವ ಕೆಲಸಕ್ಕೆ ಜನ ನಿಲ್ಲಲಿಲ್ಲ. ಸೇರಿದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ಕಂಪನಿ, ಒಂಬತ್ತು ಗಂಟೆಗೆ 2.34 ಡಾಲರ್ ಇದ್ದ ದಿನಗೂಲಿಯನ್ನು ಎಂಟು ಗಂಟೆಗೆ 5 ಡಾಲರ್ ಮಾಡುವುದಾಗಿ ಸಾರಿತು. ಪ್ರಪಂಚವೇ ಬೆರಗಾಯಿತು.

ನಾನು ತರಗತಿಯಲ್ಲಿ ಮಕ್ಕಳಿಂದ ಮಾಡಿಸುತ್ತಿದ್ದ ಲೆಕ್ಕವನ್ನು ಇಲ್ಲಿಯೂ ಮಾಡೋಣ. 825 ಡಾಲರಿನ ಕಾರು, 2.34 ಡಾಲರ್ ಕೂಲಿ: ಕಾರು ಕೊಳ್ಳಲು ಸುಮಾರು 353 ದಿನದ ದುಡಿಮೆ, ಅದೂ ಒಂದು ತುತ್ತೂ ಉಣ್ಣದೆ ಕೂಡಿಟ್ಟರೆ. 1925ರ ಹೊತ್ತಿಗೆ ಎರಡು ಸೀಟಿನ ಮಾದರಿಯ ಬೆಲೆ 260 ಡಾಲರಿಗೆ ಇಳಿದಿತ್ತು. 5 ಡಾಲರ್ ಕೂಲಿಯ ಲೆಕ್ಕ ಹಿಡಿದರೂ 52 ದಿನದ ದುಡಿಮೆ. 353 ಎಲ್ಲಿ, 52 ಎಲ್ಲಿ! ಬೆಲೆಯೂ ಇಳಿಯಿತು, ಕೊಳ್ಳುವವನ ಕೈಯೂ ಮೇಲಾಯಿತು. ಕಾರು ಮಾಡಿದವನೇ ಕಾರು ಕೊಳ್ಳಬಲ್ಲ ಎಂಬುದು ಅದಕ್ಕೆ ಮುಂಚೆ ಯಾರೂ ಕಾಣದ ಸಂಗತಿ. ಫೋರ್ಡ್ ಹೆಸರು ಉಳಿದದ್ದು ಇದಕ್ಕೆ.

ಇತಿಹಾಸದ ಮೇಷ್ಟ್ರಾದವನು ಬರೀ ಹೊಗಳಿ ಕೂರಬಾರದು. ಆ ಐದು ಡಾಲರ್ ಎಲ್ಲರಿಗೂ ಸುಮ್ಮನೆ ಸಿಗಲಿಲ್ಲ. ಕಂಪನಿಯವರು ಕಾರ್ಮಿಕರ ಮನೆಗಳಿಗೇ ಹೋಗಿ, ಕುಡಿಯುತ್ತಾರೆಯೇ, ಮನೆ ಚೊಕ್ಕಟವಾಗಿದೆಯೇ, ಹಣ ಉಳಿಸುತ್ತಾರೆಯೇ ಎಂದು ವಿಚಾರಣೆ ಮಾಡುತ್ತಿದ್ದರು. ಕಾರ್ಮಿಕ ಸಂಘಗಳನ್ನು ಫೋರ್ಡ್ ಬಹಳ ಕಾಲ ಸೇರಿಸಲಿಲ್ಲ. ಯೆಹೂದಿಗಳ ವಿರುದ್ಧ ತಮ್ಮ ಪತ್ರಿಕೆಯಲ್ಲಿ ವಿಷ ಕಾರಿದರು. ಗೆದ್ದ ಎತ್ತನ್ನೇ ಕೊನೆಯವರೆಗೂ ಹೂಡುತ್ತೇನೆಂಬ ಹಟವೂ ಇತ್ತು. 1914ರಿಂದ 1925ರವರೆಗೆ ಮಾಡೆಲ್ ಟಿಗೆ ಕಪ್ಪು ಬಣ್ಣ ಒಂದೇ. ಅಷ್ಟರಲ್ಲಿ ಜನರಲ್ ಮೋಟರ್ಸ್ ಕಂಪನಿ ಬಣ್ಣಬಣ್ಣದ ಕಾರುಗಳನ್ನು ಕಂತಿನ ಮೇಲೆ ಕೊಟ್ಟು ಗಿರಾಕಿಗಳನ್ನು ಸೆಳೆಯಿತು. 1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಯ ಕಾರು ಹೊರಬಂತು. ಅದರೊಂದಿಗೆ ಮಾಡೆಲ್ ಟಿ ಯುಗ ಮುಗಿಯಿತು. ಆ ದಾಖಲೆಯನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಮುರಿದದ್ದು 1972ರಲ್ಲಿ.

ಇನ್ನು ನಮ್ಮ ಕಡೆಗೆ ಬರೋಣ. ಅಮೆರಿಕದ ರೈತ ಬೆಳೆ ಮಾರಿ ಕಾರು ಕೊಳ್ಳುತ್ತಿದ್ದ ಆ ಕಾಲದಲ್ಲಿ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡ ಮಾತಾಡುವ ನಾವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಬ್ರಿಟಿಷ್ ಸಾಮ್ರಾಜ್ಯದ ವಸಾಹತುಗಳಿಗೆ ಫೋರ್ಡ್ ಕಾರುಗಳು ಬರುತ್ತಿದ್ದದ್ದು ಕೆನಡಾದ ಫೋರ್ಡ್ ಕಂಪನಿಯಿಂದ. ಆ ಕಂಪನಿ 1926ರಲ್ಲಿ ಭಾರತದಲ್ಲಿ ತನ್ನ ಶಾಖೆ ತೆರೆಯಿತು. 1928ರಲ್ಲಿ ಜನರಲ್ ಮೋಟರ್ಸ್ ಬೊಂಬಾಯಿಗೆ ಬಂತು. ಆದರೆ ಇವರು ಮಾಡಿದ್ದು ಹೊರಗಿನಿಂದ ಬಿಡಿಯಾಗಿ ಬಂದ ಭಾಗಗಳನ್ನು ಜೋಡಿಸುವ ಕೆಲಸ. ಎಂಜಿನ್ ಎರಕ ಹೊಯ್ಯುವುದು, ಗೇರು ಕಡೆಯುವುದು ಎಲ್ಲವೂ ಸಮುದ್ರದ ಆಚೆಗೇ. ಹಡಗಿನ ಬಾಡಿಗೆ, ಸುಂಕ, ವ್ಯಾಪಾರಿಯ ಲಾಭ ಸೇರಿ ಅಲ್ಲಿ ರೈತನ ಕಾರಾಗಿದ್ದದ್ದು ಇಲ್ಲಿ ಜಮೀನ್ದಾರರ, ವಕೀಲರ, ಅಧಿಕಾರಿಗಳ ಕಾರಾಯಿತು. ಕೂಲಿಯ ದರವಂತೂ ಹೇಳುವುದೇ ಬೇಡ. ಅಗ್ಗದ ಕಾರು ಬಂತು. ಅದನ್ನು ಅಗ್ಗ ಮಾಡಿದ ಕಾರ್ಖಾನೆ ಬರಲಿಲ್ಲ, ಕೂಲಿಯೂ ಬರಲಿಲ್ಲ.

ಈ ವ್ಯತ್ಯಾಸವನ್ನು ಎಲ್ಲರಿಗಿಂತ ಮೊದಲು ಚೆನ್ನಾಗಿ ಕಂಡವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾಗಿತ್ತು, ವಯಸ್ಸು ಎಪ್ಪತ್ತು ದಾಟಿತ್ತು. ಆದರೂ 1935ರಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಅಭ್ಯಾಸ ಮಾಡಿ, ಭಾರತದಲ್ಲೇ ಕಾರು ಮತ್ತು ಲಾರಿಗಳನ್ನು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ನೆರವಿಗೆ ಒಲವು ತೋರಿತ್ತು. 1939ರಲ್ಲಿ ಯುದ್ಧ ಬಂತು, ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆಗ ಯೋಜನೆ ಮೈಸೂರಿನತ್ತ ತಿರುಗಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಲು ಆಸಕ್ತಿ ತೋರಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ವಾಲ್‌ಚಂದ್ ಒಪ್ಪಂದ ಮಾಡಿಕೊಂಡರು. ಆದರೆ ಬ್ರಿಟಿಷ್ ಭಾರತ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಯುದ್ಧಕ್ಕೆ ಇದು ಅಗತ್ಯವಲ್ಲ ಎಂದಿತು, ಮೈಸೂರಿನ ಮೇಲೆ ಒತ್ತಡ ಹಾಕಿತು. ಮೈಸೂರು ಹಿಂದೆ ಸರಿಯಬೇಕಾಯಿತು.

ವಿಚಿತ್ರವೆಂದರೆ ಅದೇ ವಾಲ್‌ಚಂದ್, ಅದೇ ಬೆಂಗಳೂರು, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ ಆರಂಭಿಸಿದವು. ಇವತ್ತಿನ ಎಚ್.ಎ.ಎಲ್. ಅದೇ. ಯುದ್ಧಕ್ಕೆ ವಿಮಾನ ಬೇಕಿತ್ತು, ಹಾಗಾಗಿ ದಾರಿ ತೆರೆಯಿತು. ಜನಕ್ಕೆ ಬೇಕಾಗಿದ್ದ ಮೋಟಾರಿಗೆ ತೆರೆಯಲಿಲ್ಲ. ವಾಲ್‌ಚಂದರ ಕಾರು ಕಂಪನಿ 'ಪ್ರೀಮಿಯರ್' 1944ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ ಆ ಕಾರ್ಖಾನೆ ಎದ್ದಿದ್ದರೆ ನಮ್ಮ ರಸ್ತೆಗಳಿಗೆ ಲಾರಿ, ಬಸ್ಸು ಎಷ್ಟು ಬೇಗ ಬರುತ್ತಿದ್ದವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. 'ಹೀಗಾಗಿದ್ದರೆ' ಎಂಬುದಕ್ಕೆ ಇತಿಹಾಸದಲ್ಲಿ ಜಾಗವಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಆದರೆ ಅಜ್ಜಿಯ ಮಾತು ನೆನಪಾದಾಗ ಮನಸ್ಸು ಆ ಪಾಠವನ್ನು ಕೇಳುವುದಿಲ್ಲ.

ಸ್ವಾತಂತ್ರ್ಯದ ಮೇಲೂ ಕಾರು ಬಹುಕಾಲ ದೂರದ ವಸ್ತುವಾಗಿಯೇ ಇತ್ತು. ಅಂಬಾಸಡರ್, ಫಿಯಟ್‌ಗಳಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಗ್ಗದ ಕಾರಿನ ಪ್ರಯತ್ನ ನಮ್ಮ ರಾಜ್ಯದಲ್ಲೂ ನಡೆಯಿತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ 'ಬಾದಲ್' ಎಂಬ ಮೂರು ಚಕ್ರದ, ಫೈಬರ್ ಮೈಯ ಪುಟ್ಟ ಕಾರು ತಯಾರಾಯಿತು. ಅದೇ ಕಂಪನಿ ಸಿಪಾನಿ ಎಂಬ ಹೆಸರಿನಲ್ಲಿ 1982ರಲ್ಲಿ 'ಡಾಲ್ಫಿನ್' ಎಂಬ ಎರಡು ಬಾಗಿಲಿನ ಕಾರು ತಂದಿತು. ಹಿರಿಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅದನ್ನು ಬೆಂಗಳೂರಿನ ರಸ್ತೆಯಲ್ಲಿ ನೋಡಿರಬಹುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸುಮಾರು ಐವತ್ತು ಸಾವಿರ ರೂಪಾಯಿಯ, ದೊಡ್ಡ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ಆ ಕಾರಿನ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ. ಗಾಡಿಯನ್ನು ಚಿಕ್ಕದು ಮಾಡಿದ ಮಾತ್ರಕ್ಕೆ ಬೆಲೆ ಇಳಿಯುವುದಿಲ್ಲ, ಮಾಡುವ ಕ್ರಮ ದೊಡ್ಡದಾಗಬೇಕು ಎಂಬ 1913ರ ಪಾಠ ಇಲ್ಲಿಯೂ ನಿಜವಾಯಿತು.

ಹಾಗಾದರೆ ಕೌದಳ್ಳಿಯ ಸೀಮೆಯಲ್ಲಿ ಬಡವನ ಮೋಟಾರು ಯಾವುದು? ನನ್ನ ಮಟ್ಟಿಗೆ ಅದು ಬಸ್ಸು. ಮೈಸೂರು ಸರ್ಕಾರ 1948ರಲ್ಲಿ ಸಾರಿಗೆ ಇಲಾಖೆ ಆರಂಭಿಸಿತು, 1961ರಲ್ಲಿ ಅದು ನಿಗಮವಾಯಿತು. ಇಡೀ ಗಾಡಿಯನ್ನು ಕೊಳ್ಳಲಾಗದವನು ಅದರಲ್ಲಿ ಒಂದು ಸೀಟನ್ನು ಒಂದು ಪ್ರಯಾಣಕ್ಕೆ ಕೊಳ್ಳುವುದು. ಬಸ್ಸೆಂದರೆ ಇಷ್ಟೇ ಅಲ್ಲವೇ? ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಬೆಟ್ಟಕ್ಕೆ ಹೋಗುವ ಬಸ್ಸಿನ ಮೇಲೆ ಕೋಳಿ, ಮೂಟೆ, ಸೈಕಲ್ಲು. ಒಳಗೆ ಹರಕೆ ಹೊತ್ತವರು, ಸಂತೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಶಾಲೆಗೆ ಹೊರಟ ನಾವು. ಸುತ್ತಲ ಹಳ್ಳಿಗಳಿಂದ ಈ ಹೈಸ್ಕೂಲಿಗೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಬರಲು ಸಾಧ್ಯವಾದದ್ದರಲ್ಲಿ ಮೇಷ್ಟ್ರುಗಳ ಪಾಲು ಎಷ್ಟಿದೆಯೋ ಬಸ್ಸಿನ ಪಾಲೂ ಅಷ್ಟಿದೆ ಎಂದರೆ ನನ್ನ ಗುರುಗಳು ಬೇಸರ ಮಾಡಿಕೊಳ್ಳಲಾರರು.

2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂತು. ಕೆಲವು ವರ್ಷದ ಹಿಂದೆ ನಮ್ಮ ಬೀದಿಯ ಒಬ್ಬ ಹುಡುಗನಿಗೆ ಹೊಲದಲ್ಲಿ ಹಾವು ಕಚ್ಚಿತು. ಫೋನು ಮಾಡಿದರು, ಗಾಡಿ ಬಂತು, ಕರೆದುಕೊಂಡು ಹೋಯಿತು, ಹುಡುಗ ಬದುಕಿ ಬಂದ. ಅದಕ್ಕಾಗಿ ಅವನ ಮನೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಅಂದು ರಾತ್ರಿ ನಾನು ಬಹಳ ಹೊತ್ತು ಜಗಲಿಯ ಮೇಲೆ ಕೂತಿದ್ದೆ. ನಮ್ಮ ದೊಡ್ಡಪ್ಪ ಹೋದ ದಾರಿಯೂ ಅದೇ, ಆ ಹುಡುಗ ಹೋದ ದಾರಿಯೂ ಅದೇ.

ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಕಾರು ಕಂಡುಹಿಡಿದವರು ಕಾರ್ಲ್ ಬೆಂಜ್. ಅದನ್ನು ಸಾಮಾನ್ಯ ಜನರ ಕೈಗೆ ಎಟುಕುವಂತೆ ಮಾಡಿ ತೋರಿಸಿದವರು ಹೆನ್ರಿ ಫೋರ್ಡ್, ಅದಕ್ಕೇ ಜನ ಅವರ ಹೆಸರು ಹೇಳುತ್ತಾರೆ. ನಮ್ಮ ನೆಲದಲ್ಲಿ ಆ ಕೆಲಸಕ್ಕೆ ಕೈ ಹಾಕಿ, ಪರರ ಆಳ್ವಿಕೆಯಲ್ಲಿ ತಡೆಯಲ್ಪಟ್ಟವರು ವಿಶ್ವೇಶ್ವರಯ್ಯನವರು. ಇವತ್ತು ಈ ಶಾಲೆಯಿಂದ ಎಂಜಿನಿಯರಿಂಗ್, ಐ.ಟಿ.ಐ., ಡಿಪ್ಲೊಮಾ ಎಂದು ಹೊರಡುವ ಮಕ್ಕಳಿಗೆ ನನ್ನದೊಂದು ಮಾತು: ಹೊಸದನ್ನು ಕಂಡುಹಿಡಿಯುವುದು ದೊಡ್ಡದೇ. ಕಂಡುಹಿಡಿದದ್ದನ್ನು ಕೌದಳ್ಳಿಯ ಕೂಲಿಯವನ 52 ದಿನದ ದುಡಿಮೆಗೆ ಇಳಿಸುವುದೂ ಅಷ್ಟೇ ದೊಡ್ಡ ಕೆಲಸ. ಅದು ಇನ್ನೂ ಬಹಳ ಬಾಕಿ ಇದೆ.